ತಲೆಗೆ ಪೆಟ್ಟು, ಮೇಲೆ ಬುಗುಟೆ: ಎಲ್ಲಿಂದ ನೋಡಲು ಶುರು ಮಾಡಬೇಕು?

ಹೋದ ವರ್ಷ ಧನು ತಿಂಗಳಲ್ಲಿ, ಅಡಿಕೆ ಕೊಯ್ಲಿನ ಹೊತ್ತಿಗೆ, ನಮ್ಮ ಭಾವನ ತಲೆಗೆ ಸೋಗೆ ಬಿತ್ತು. ದೋಟಿ ಹಿಡಿದು ಗೊನೆ ಎಳೆಯುತ್ತಿದ್ದವನು ಬೇರೆಯವನು. ಭಾವ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಗೊನೆ ಬರುವ ಮೊದಲು ಒಣಗಿದ ಸೋಗೆಯೊಂದು ಹಾಳೆ ಸಮೇತ ಕಳಚಿತು. ಬಲಗಿವಿಯ ಮೇಲ್ಗಡೆ ಉಜ್ಜಿಕೊಂಡು ಕೆಳಗೆ ಬಿತ್ತು. ಗಾಯ ಇಲ್ಲ, ರಕ್ತ ಇಲ್ಲ. ನೆಲ್ಲಿಕಾಯಿಯಷ್ಟು ಬುಗುಟೆ, ಅಷ್ಟೇ.

ಅಕ್ಕ ಫೋನ್ ಮಾಡಿದಳು. ನಾನು ಕಾಸರಗೋಡಿನ ಗಡಿಯ ಆಚೆ ಈಚೆ, ಕೇರಳ ಕರ್ನಾಟಕ ಎರಡೂ ಕಡೆ ಸುಮಾರು ವರ್ಷ ನರ್ಸ್ ಕೆಲಸ ಮಾಡಿದವಳು, ಜಾಸ್ತಿ ಕಾಲ ಕ್ಯಾಶುವಾಲ್ಟಿಯಲ್ಲೇ. ಹಾಗಾಗಿ ಮನೆಯಲ್ಲಿ ಯಾರಿಗೆ ಏನಾದರೂ ಮೊದಲ ಫೋನ್ ನನಗೇ. ಎಚ್ಚರ ತಪ್ಪಿದ್ರಾ ಅಂತ ಕೇಳಿದೆ. ಇಲ್ಲ. ವಾಂತಿ? ಇಲ್ಲ. ಮಾತು ಸರಿ ಇದೆಯಾ? "ಸರಿ ಇದೆ, ಸೋಗೆಗೂ ಕೆಲಸದವನಿಗೂ ಬೈತಾ ಇದ್ದಾರೆ" ಅಂದಳು. ಐಸ್ ಇಡು ಅಂತ ಹೇಳಿ ಫೋನ್ ಇಟ್ಟೆ.

ಮೂರನೇ ದಿನ ಬೆಳಿಗ್ಗೆ ವಿಡಿಯೊ ಕಾಲ್. ಭಾವನ ಗುರುತೇ ಸಿಗಲಿಲ್ಲ. ಹಣೆಯಿಂದ ಕುತ್ತಿಗೆಯ ಹಿಂಭಾಗದವರೆಗೆ ತಲೆ ಊದಿಕೊಂಡಿತ್ತು. ಬೆರಳಿಟ್ಟು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಅಲೆಯ ಹಾಗೆ ಪಕ್ಕಕ್ಕೆ ಸರಿಯುತ್ತದೆ ಅಂತ ಅಕ್ಕ ಒತ್ತಿ ತೋರಿಸಿದಳು. ಎರಡೂ ಕಣ್ಣ ರೆಪ್ಪೆ ನೇರಳೆ ಹಣ್ಣಿನ ಬಣ್ಣ. ಆಗ ನೆನಪಾಯಿತು, ಮೊದಲ ದಿನ ನಾನು ಒಂದು ಪ್ರಶ್ನೆ ಕೇಳಿಯೇ ಇಲ್ಲ. ಭಾವನಿಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ದಿನವೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ನನಗೆ ಗೊತ್ತಿದ್ದ ವಿಷಯವೇ.

ಆ ತಪ್ಪು ಇನ್ನೊಮ್ಮೆ ಆಗಬಾರದು ಅಂತ, ಯಾವುದರ ನಂತರ ಯಾವುದನ್ನು ನೋಡಬೇಕು ಎಂಬುದನ್ನು ಬರೆದಿಡುತ್ತಿದ್ದೇನೆ.

ಬುಗುಟೆಯನ್ನು ಕೊನೆಗೆ ನೋಡಿ

ನಮ್ಮ ಮನೆಯವರದು ಪಂಪ್‌ಸೆಟ್ ರಿಪೇರಿ ಕೆಲಸ. ನೀರು ಬರುತ್ತಿಲ್ಲ ಅಂತ ಯಾರಾದರೂ ಕರೆದರೆ ಅವರು ಮೋಟಾರು ಬಿಚ್ಚುವುದಿಲ್ಲ. ಮೊದಲು ಕರೆಂಟ್ ಇದೆಯಾ, ಫ್ಯೂಸ್ ಸರಿ ಇದೆಯಾ, ಆಮೇಲೆ ಫುಟ್‌ವಾಲ್ವ್, ಎಲ್ಲ ನೋಡಿಯಾದ ಮೇಲೆ ಮೋಟಾರು. ಕಣ್ಣಿಗೆ ದೊಡ್ಡದಾಗಿ ಕಾಣುವುದೇ ದೋಷದ ಜಾಗ ಅಂದುಕೊಂಡರೆ ಅರ್ಧ ದಿನ ಹಾಳು ಅನ್ನುತ್ತಾರೆ.

ತಲೆಯ ಪೆಟ್ಟಿನಲ್ಲಿ ಕಣ್ಣಿಗೆ ದೊಡ್ಡದಾಗಿ ಕಾಣುವುದು ಬುಗುಟೆ. ಎಲ್ಲರೂ ಅದನ್ನೇ ಮುಟ್ಟಿ ನೋಡುತ್ತಾರೆ, ಅದರ ಗಾತ್ರದ ಮೇಲೆ ಹೆದರುತ್ತಾರೆ ಅಥವಾ ಧೈರ್ಯ ತಂದುಕೊಳ್ಳುತ್ತಾರೆ. ನಮ್ಮ ಕಡೆ ಒಂದು ಮಾತಿದೆ: "ಹೊರಗೆ ಊದಿದರೆ ಒಳ್ಳೆಯದು, ಒಳಗೆ ಏನೂ ಇಲ್ಲ ಅಂತ ಲೆಕ್ಕ." ಈ ಲೆಕ್ಕ ತಪ್ಪು. ಚರ್ಮದ ಕೆಳಗಿನ ರಕ್ತ ಬೇರೆ, ಬುರುಡೆಯ ಒಳಗಿನ ರಕ್ತ ಬೇರೆ. ಎರಡಕ್ಕೂ ನಡುವೆ ಗಟ್ಟಿ ಎಲುಬಿದೆ. ಮೇಲೆ ಕಿತ್ತಳೆಯಷ್ಟು ಊದಿ ಒಳಗೆ ಏನೂ ಆಗದೆ ಇರಬಹುದು. ಮೇಲೆ ಕಂಡೂ ಕಾಣದಷ್ಟು ಊದಿ ಒಳಗೆ ರಕ್ತ ತುಂಬುತ್ತಿರಬಹುದು. ಎರಡೂ ಒಟ್ಟಿಗೆ ಆಗಬಾರದು ಅಂತಲೂ ಇಲ್ಲ.

ಅದಕ್ಕೆ ಮೊದಲ ಐದು ನಿಮಿಷ ಬುಗುಟೆ ಬಿಟ್ಟು ಮನುಷ್ಯನನ್ನು ನೋಡಿ. ಹೆಸರು ಕೇಳಿ, ಇವತ್ತು ಯಾವ ವಾರ ಕೇಳಿ, ಬೆಳಿಗ್ಗೆ ಏನು ತಿಂಡಿ ತಿಂದಿರಿ ಅಂತ ಕೇಳಿ. ಹೆಸರು ಅಭ್ಯಾಸದ ಮೇಲೆ ಬಂದುಬಿಡುತ್ತದೆ. ತಿಂಡಿ ಯಾವುದು ಅನ್ನುವುದಕ್ಕೆ ನೆನಪು ಬೇಕು. ಎರಡೂ ಕೈ ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಲು ಹೇಳಿ. ಒಂದು ಕೈ ತಾನಾಗಿ ಕೆಳಗೆ ಜಾರುತ್ತಿದೆಯಾ ನೋಡಿ. ಮೊಬೈಲಿನ ಟಾರ್ಚ್‌ನಿಂದ ಒಂದೊಂದೇ ಕಣ್ಣಿಗೆ ಬೆಳಕು ಬಿಡಿ. ಎರಡೂ ಪಾಪೆ ಒಂದೇ ಸಮ ಚಿಕ್ಕದಾಗಬೇಕು. (ಕಣ್ಣಿನ ಪೊರೆಯ ಆಪರೇಷನ್ ಆದ ಅಜ್ಜ ಅಜ್ಜಿಯರಲ್ಲಿ ಮೊದಲಿಂದಲೇ ಪಾಪೆ ವಾರೆಯಾಗಿರಬಹುದು. ಅದನ್ನು ಮನೆಯವರಲ್ಲಿ ಕೇಳಿಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಗಾಬರಿ.) ಮೂಗಿನಿಂದ, ಕಿವಿಯಿಂದ ನೀರಿನಂಥ ದ್ರವವೋ ರಕ್ತವೋ ಬರುತ್ತಿದೆಯಾ ನೋಡಿ.

ಈ ಕೆಳಗಿನವುಗಳಲ್ಲಿ ಒಂದಿದ್ದರೂ ಮುಂದಕ್ಕೆ ಓದುವುದು ಬೇಡ, 108ಕ್ಕೆ ಫೋನ್ ಮಾಡಿ: ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದ್ದು, ಎರಡು ಸಲ ಅಥವಾ ಅದಕ್ಕಿಂತ ಜಾಸ್ತಿ ವಾಂತಿ, ಹೊತ್ತು ಹೋದಂತೆ ಹೆಚ್ಚುತ್ತಿರುವ ತಲೆನೋವು, ತೂಕಡಿಕೆ, ಗೊಂದಲದ ಮಾತು, ಫಿಟ್ಸ್, ಕೈಕಾಲಲ್ಲಿ ಬಲ ಇಲ್ಲದಿರುವುದು, ಪಾಪೆಗಳಲ್ಲಿ ವ್ಯತ್ಯಾಸ, ಮೂಗು ಕಿವಿಯಲ್ಲಿ ಸೋರುವುದು. ಮರದಿಂದ ಬಿದ್ದವರಾದರೆ ಕುತ್ತಿಗೆ ತಿರುಗಿಸಬೇಡಿ, ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕ್ಯಾಶುವಾಲ್ಟಿಯಲ್ಲಿ ನಾನು ಕೇಳಿದ ಮಾತುಗಳಲ್ಲಿ ಅತಿ ಅಪಾಯದ್ದು "ಕುಡಿದಿದ್ದಾನೆ, ಮಲಗಿ ಏಳಲಿ" ಅನ್ನುವುದು. ಕುಡಿದವನ ತೊದಲು ಮಾತೂ ಒಳಗೆ ರಕ್ತಸ್ರಾವ ಆದವನ ತೊದಲು ಮಾತೂ ಒಂದೇ ಥರ ಇರುತ್ತವೆ. ಅಮಲು ಗಂಟೆ ಕಳೆದಂತೆ ಇಳಿಯುತ್ತದೆ, ರಕ್ತಸ್ರಾವದ ಮಂಪರು ಏರುತ್ತದೆ. ಆ ವ್ಯತ್ಯಾಸ ಗೊತ್ತಾಗುವ ಹೊತ್ತಿಗೆ ತಡ ಆಗಿರುತ್ತದೆ. ಕುಡಿದವನ ತಲೆಗೆ ಪೆಟ್ಟು ಬಿದ್ದಿದ್ದರೆ ಆಸ್ಪತ್ರೆಗೇ ಒಯ್ಯಿರಿ.

ಎರಡನೇ ಸುತ್ತು: ಯಾರಿಗೆ ಬಿತ್ತು, ಹೇಗೆ ಬಿತ್ತು

ಮನುಷ್ಯ ಸರಿ ಇದ್ದಾನೆ ಅಂತಾಯಿತು. ಈಗ ನಾನು ಬಿಟ್ಟುಬಿಟ್ಟ ಪ್ರಶ್ನೆ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ವಾರ್ಫರಿನ್, ಅಪಿಕ್ಸಾಬಾನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಇವು ಹೆಸರುಗಳು. ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ ತಂದು ಓದಿ. ಕವಾಟದ ಆಪರೇಷನ್ ಆದವರು, ಸ್ಟೆಂಟ್ ಇರುವವರು, ಒಮ್ಮೆ ಪಾರ್ಶ್ವವಾಯು ಬಂದು ಹೋದವರು ಇಂಥ ಯಾವುದೋ ಒಂದನ್ನು ತೆಗೆದುಕೊಳ್ಳುತ್ತಿರುತ್ತಾರೆ. ಕೇಳಿದರೆ "ಬಿ.ಪಿ. ಮಾತ್ರೆ" ಅನ್ನುತ್ತಾರೆ. ನಮ್ಮಲ್ಲಿ ಎಲ್ಲ ಮಾತ್ರೆಗೂ ಬಿ.ಪಿ. ಮಾತ್ರೆ ಅಂತಲೇ ಹೆಸರು. ಇಂಥವರಿಗೆ ಸಣ್ಣ ಪೆಟ್ಟೂ ಸಣ್ಣದಲ್ಲ. ಲಕ್ಷಣ ಇಲ್ಲದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು, ಸ್ಕ್ಯಾನ್ ಬೇಕಾ ಎಂದು ಅವರು ನಿರ್ಧರಿಸಲಿ.

ಜ್ವರದ ಸಮಯದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿ ಬಾರದ ವರ್ಷ ಇಲ್ಲ. ತೋಟದ ಹಾಳೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ನೀರು ನಿಂತರೆ ಸಾಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿರುವಾಗ ತಲೆ ತಾಗಿದರೆ ಅದೂ ಮಾತ್ರೆಯವರ ಲೆಕ್ಕಕ್ಕೇ ಬರುತ್ತದೆ.

ಆಮೇಲೆ ವಯಸ್ಸು ಮತ್ತು ಎತ್ತರ. ಕೆನಡಾದ ತುರ್ತು ವೈದ್ಯರು 2001ರಲ್ಲಿ ಕೊಟ್ಟ ಒಂದು ನಿಯಮವನ್ನು ಪ್ರಪಂಚದ ಹಲವು ಕಡೆ ಬಳಸುತ್ತಾರೆ. ಎಚ್ಚರ ತಪ್ಪಿದ, ಗೊಂದಲಗೊಂಡ ಅಥವಾ ಪೆಟ್ಟಿನ ಹೊತ್ತಿನ ನೆನಪೇ ಇಲ್ಲದ ದೊಡ್ಡವರಲ್ಲಿ ಯಾರಿಗೆ ಸಿ.ಟಿ. ಸ್ಕ್ಯಾನ್ ಬೇಕು ಅಂತ ಅದು ಹೇಳುತ್ತದೆ. 65 ವರ್ಷ ದಾಟಿದ್ದು, ಎರಡು ಸಲ ವಾಂತಿ, 3 ಅಡಿಗಿಂತ ಅಥವಾ 5 ಮೆಟ್ಟಿಲಿಗಿಂತ ಮೇಲಿಂದ ಬಿದ್ದದ್ದು ಅದರ ಪಟ್ಟಿಯಲ್ಲಿವೆ. ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ಅಂದರೆ ಅವರಿಗೆ ಈ ಲೆಕ್ಕ ಸಾಲುವುದಿಲ್ಲ, ಇನ್ನೂ ಜಾಸ್ತಿ ಎಚ್ಚರ ಬೇಕು.

3 ಅಡಿ ಎಂದರೆ ನಮ್ಮ ಜಗಲಿಯ ಎತ್ತರ, ಅಲ್ವಾ? ಪಾಚಿ ಹಿಡಿದ ಅಂಗಳದಲ್ಲಿ ಜಾರಿ, ಮುರಕಲ್ಲಿನ ಮೆಟ್ಟಿಲಿನ ಅಂಚಿಗೆ ತಲೆ ಬಡಿದುಕೊಂಡವರನ್ನು ನಾನು ತುಂಬ ಕಂಡಿದ್ದೇನೆ. ಮಳೆಗಾಲಕ್ಕೆ ಅಂಗಳದಲ್ಲಿ ಸೋಗೆ ಹಾಸುವ ಹಳೆಯ ಕ್ರಮವನ್ನು ಇಂಟರ್‌ಲಾಕ್ ಹಾಕಿಸಿದ ಮೇಲೆ ಎಲ್ಲರೂ ಬಿಟ್ಟರು. ಇಂಟರ್‌ಲಾಕ್ ಮೇಲೂ ಪಾಚಿ ಬೆಳೆಯುತ್ತದೆ. ಹಳೆ ಮನೆಯ ದಾರಂದಕ್ಕೆ ಹಣೆ ಬಡಿದದ್ದು, ಸುರಂಗದಲ್ಲಿ ಬಗ್ಗಿ ಹೋಗುವಾಗ ನೆತ್ತಿ ತಾಗಿದ್ದು ಇವು ನೋವು ಜಾಸ್ತಿ, ಅಪಾಯ ಕಡಿಮೆ ಇರುವ ಪೆಟ್ಟುಗಳು. ಬೈಕಿನಿಂದ ಬಿದ್ದದ್ದು, ತೆಂಗಿನಕಾಯಿ ಬಿದ್ದದ್ದು, ಮರದಿಂದ ಬಿದ್ದದ್ದು ಆ ಸಾಲಿಗೆ ಸೇರುವುದಿಲ್ಲ.

ಮಕ್ಕಳ ಲೆಕ್ಕ ಬೇರೆ. ಅಮೆರಿಕದ 25 ಆಸ್ಪತ್ರೆಗಳಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅದರ ಪ್ರಕಾರ 2 ವರ್ಷದೊಳಗಿನ ಮಗುವಿಗೆ ಹಣೆಯ ಮೇಲೆ ಬುಗುಟೆ ಬಂದರೆ ಭಯ ಕಡಿಮೆ. ನೆತ್ತಿಯ ಪಕ್ಕ, ಕಿವಿಯ ಮೇಲೆ, ತಲೆಯ ಹಿಂದೆ ಬಂದರೆ ಡಾಕ್ಟರು ನೋಡಲೇಬೇಕು. ಹಣೆಯ ಎಲುಬು ದಪ್ಪ, ಕಿವಿಯ ಮೇಲಿನದು ತೆಳು. ಆ ತೆಳು ಎಲುಬಿನ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹಾದುಹೋಗುತ್ತದೆ. ಎಲುಬು ಬಿರುಕು ಬಿಟ್ಟರೆ ಅದು ಹರಿಯುತ್ತದೆ. ಆಗ ಮೊದಲು ಎಚ್ಚರ ತಪ್ಪಿ, ಆಮೇಲೆ ಒಂದೆರಡು ಗಂಟೆ ಎದ್ದು ಕೂತು ಮಾತಾಡಿ, ಮತ್ತೆ ಮಂಪರಿಗೆ ಹೋಗುವುದುಂಟು. "ಈಗ ಸರಿ ಇದ್ದ, ಆಟ ಆಡುತ್ತಿದ್ದ" ಅನ್ನುವ ಆ ನಡುವಿನ ಹೊತ್ತೇ ಮೋಸ ಮಾಡುತ್ತದೆ.

ಈಗ ಬುಗುಟೆ: ತಲೆಯೊಳಗಿನ ಮುಟ್ಟಾಳೆ

ನಮ್ಮ ತಲೆಚರ್ಮದಲ್ಲಿ ಐದು ಪದರ ಇವೆ. ಎಲ್ಲವನ್ನೂ ನೆನಪಿಡುವುದು ಬೇಡ, ಒಂದನ್ನು ಮಾತ್ರ ಚೆನ್ನಾಗಿ ತಿಳಿದುಕೊಳ್ಳಿ. ತೋಟದ ಕೆಲಸದವರು ಹಾಳೆಯ ಮುಟ್ಟಾಳೆ (ಟೊಪ್ಪಿ) ಇಡುತ್ತಾರಲ್ಲ, ಅದೇ ಥರದ್ದೊಂದು ಗಟ್ಟಿ ಪೊರೆ ಚರ್ಮದ ಒಳಗೆ ಇದೆ. ಹುಬ್ಬಿನಿಂದ ಹಿಡಿದು ತಲೆಯ ಹಿಂದಿನ ಉಬ್ಬಿನವರೆಗೆ ಅದು ಬುರುಡೆಯನ್ನು ಮುಚ್ಚಿಕೊಂಡಿರುತ್ತದೆ. ಮುಟ್ಟಾಳೆಗೂ ತಲೆಗೂ ನಡುವೆ ಜಾಗ ಇರುವ ಹಾಗೆ ಈ ಪೊರೆಯ ಕೆಳಗೂ ಸಡಿಲವಾದ ಪದರ ಇದೆ. ನೆತ್ತಿಯ ಮೇಲೆ ಬೆರಳಿಟ್ಟು ಹಿಂದೆ ಮುಂದೆ ಆಡಿಸಿದರೆ ಚರ್ಮ ಜಾರುತ್ತದಲ್ಲ, ಆ ಪದರದಿಂದಲೇ.

ಬುಗುಟೆ ಯಾವ ಬಗೆಯದ್ದು ಅನ್ನುವುದು ರಕ್ತ ಎಲ್ಲಿ ನಿಂತಿದೆ ಅನ್ನುವುದರ ಮೇಲಿದೆ. ಮುಟ್ಟಾಳೆಯ ಮೇಲೆ, ಚರ್ಮಕ್ಕೆ ಹತ್ತಿರ ನಿಂತರೆ ಅಲ್ಲಿ ಜಾಗ ಇಲ್ಲ, ನಾರು ಬಿಗಿಯಾಗಿ ಹೆಣೆದಿರುತ್ತದೆ. ಹಾಗಾಗಿ ಗಟ್ಟಿ, ಸಣ್ಣ, ನೋವಿನ ಬುಗುಟೆ. ನಿಮಿಷಗಳಲ್ಲಿ ಏಳುತ್ತದೆ, ಒಂದೆರಡು ವಾರದಲ್ಲಿ ಇಳಿಯುತ್ತದೆ. ನಾವು ದಿನನಿತ್ಯ ನೋಡುವುದು ಇದನ್ನೇ.

ಮುಟ್ಟಾಳೆಯ ಕೆಳಗೆ ಸೋರಿದರೆ ರಕ್ತವನ್ನು ತಡೆಯುವ ಗೋಡೆಯೇ ಇಲ್ಲ. ಅದು ನಿಧಾನವಾಗಿ ಹರಡುತ್ತದೆ. ಪೆಟ್ಟು ಬಿದ್ದ ದಿನ ಏನೂ ಕಾಣದೆ, ಮರುದಿನವೋ ಮೂರನೇ ದಿನವೋ ತಲೆ ಪೂರ್ತಿ ಮೆತ್ತಗಾಗುತ್ತದೆ. ಭಾವನಿಗೆ ಆದದ್ದು ಇದು. ನೇರ ಬಡಿತಕ್ಕಿಂತ ಚರ್ಮವನ್ನು ಪಕ್ಕಕ್ಕೆ ಎಳೆಯುವ ಪೆಟ್ಟಿನಲ್ಲಿ ಇದು ಬರುವುದುಂಟು. ಆ ಸಡಿಲ ಪದರ ದಾಟಿ ಬರುವ ಸಣ್ಣ ರಕ್ತನಾಳಗಳು ಎಳೆತಕ್ಕೆ ತುಂಡಾಗುತ್ತವೆ. ಸೋಗೆ ಉಜ್ಜಿಕೊಂಡು ಹೋದದ್ದು ಹಾಗೆಯೇ. ಜಡೆ ಬಿಗಿಯಾಗಿ ಎಳೆದು ಹೆಣೆದ ಮೇಲೆ, ಕೂದಲು ಹಿಡಿದು ಎಳೆದ ಮೇಲೆ ಹುಡುಗಿಯರಲ್ಲಿ ಬಂದದ್ದೂ ಇದೆ. ಬಿದ್ದ ಕಥೆಯೇ ಇಲ್ಲದೆ ಮಗುವಿನ ತಲೆ ಹೀಗೆ ಊದಿದ್ದರೆ ಯಾರಾದರೂ ಕೂದಲು ಎಳೆದರಾ ಅಂತ ಮಗುವನ್ನು ಒಬ್ಬಳೇ ಇರುವಾಗ ಮೆಲ್ಲಗೆ ಕೇಳಿ. ಶಾಲೆಯಲ್ಲಿ ಆಟದ ಜಗಳ ಇರಬಹುದು. ಬೇರೆಯದೂ ಇರಬಹುದು.

ಮೂರನೆಯದು ಎಲುಬಿಗೆ ಅಂಟಿದ ಪೊರೆಯ ಕೆಳಗಿನ ರಕ್ತ. ಇದು ಹೆಚ್ಚಾಗಿ ಹಸುಗೂಸುಗಳಲ್ಲಿ. ಅದಕ್ಕೆ ಮುಂದೆ ಬರುತ್ತೇನೆ.

ದಾರಿ ತಪ್ಪಿಸುವ ಮೂರು ವಿಷಯ

ಭಾವನ ಕಪ್ಪು ಕಣ್ಣು ನೋಡಿ ಅಕ್ಕ ಅತ್ತುಬಿಟ್ಟಳು. ಬುರುಡೆಯ ಬುಡದ ಎಲುಬು ಮುರಿದರೆ ಎರಡೂ ಕಣ್ಣ ಸುತ್ತ ಕಪ್ಪಾಗುತ್ತದೆ ಅಂತ ಎಲ್ಲೋ ಓದಿದ್ದಳು. ಅದು ನಿಜ. ಆದರೆ ಮುಟ್ಟಾಳೆ ಪೊರೆ ಮುಂದೆ ಎಲುಬಿಗೆ ಅಂಟಿಲ್ಲ, ಹುಬ್ಬಿನ ಚರ್ಮದಲ್ಲಿ ಕೊನೆಯಾಗುತ್ತದೆ. ಅದರ ಕೆಳಗಿನ ರಕ್ತ ಎದ್ದು ಓಡಾಡುವಾಗ ತೂಕಕ್ಕೆ ಇಳಿದು ರೆಪ್ಪೆಗೆ ಬರುತ್ತದೆ. ಎಲುಬು ಮುರಿಯದೆಯೂ ಹೀಗಾಗುತ್ತದೆ. ಹಾಗಾದರೆ ಯಾವುದು ಯಾವುದು ಅಂತ ತಿಳಿಯುವುದು ಹೇಗೆ? ತಲೆ ಮೊದಲು ಊದಿ, ಎರಡು ಮೂರು ದಿನದ ಮೇಲೆ ಕಣ್ಣು ಕಪ್ಪಾದರೆ ಇಳಿದು ಬಂದ ರಕ್ತ ಇರುವ ಸಾಧ್ಯತೆ ಜಾಸ್ತಿ. ಮೂಗಲ್ಲಿ ಕಿವಿಯಲ್ಲಿ ಸೋರಿಕೆ, ಕಿವಿಯ ಹಿಂದೆ ನೀಲಿ ಕಲೆ, ಕಿವಿ ಕೇಳಿಸದಿರುವುದು ಇದ್ದರೆ ಎಲುಬಿನ ಕಡೆ ಯೋಚಿಸಬೇಕು. ಮನೆಯಲ್ಲಿ ಕೂತು ಖಾತ್ರಿ ಮಾಡಲು ಆಗುವುದಿಲ್ಲ. ಕಣ್ಣು ಕಪ್ಪಾದರೆ ತೋರಿಸಿ.

ಎರಡನೆಯದು ಗುಳಿ. ಬುಗುಟೆಯ ಅಂಚು ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತದೆ, ನಡುವೆ ಇನ್ನೂ ದ್ರವ. ಬೆರಳಾಡಿಸಿದರೆ ಸುತ್ತ ಏರಿ, ನಡುವೆ ಎಲುಬು ಒಳಗೆ ಕುಸಿದ ಹಾಗೆಯೇ ಅನ್ನಿಸುತ್ತದೆ. ಎಷ್ಟೋ ವರ್ಷದ ಅನುಭವ ಇದ್ದವರ ಬೆರಳೂ ಇಲ್ಲಿ ಮೋಸ ಹೋಗುತ್ತದೆ. ನನ್ನ ಬೆರಳೂ ಹೋಗಿದೆ. ಒತ್ತಿ ಒತ್ತಿ ಪರೀಕ್ಷೆ ಮಾಡಬೇಡಿ. ನಿಜವಾಗಿ ಕುಸಿದಿದ್ದರೆ ಒತ್ತುವುದು ಅಪಾಯ. ಎಕ್ಸ್‌ರೇ ತೆಗೆಸಿದರೆ ಸಾಕು ಅಂದುಕೊಳ್ಳಬೇಡಿ, ಎಕ್ಸ್‌ರೇಯಲ್ಲಿ ಮಿದುಳಿನ ಸುತ್ತಲಿನ ರಕ್ತ ಕಾಣುವುದಿಲ್ಲ.

ಮೂರನೆಯದು ಭಾಷೆ. ಇದು ನಮ್ಮ ಜಿಲ್ಲೆಯವರಿಗೆ ಮಾತ್ರ. ಭಾವನನ್ನು ನೋಡಿದ ಡಾಕ್ಟರು ಮಲಯಾಳದವರು, ಒಳ್ಳೆಯವರು. ಸಮಾಧಾನ ಮಾಡಲು "ನೀರ್ ವನ್ನದಾಣ್, ಪೇಡಿಕ್ಕಂಡ" ಅಂದರು. ಅಕ್ಕ ಹೊರಗೆ ಬಂದವಳೇ ನನಗೆ ಫೋನ್: "ತಲೆಯಲ್ಲಿ ನೀರು ತುಂಬಿದೆಯಂತೆ!" ಮಲಯಾಳದಲ್ಲಿ ನೀರ್ ಎಂದರೆ ಬಾವು, ಊತ. ನಮಗೆ ನೀರೆಂದರೆ ಬಾವಿಯ ನೀರು. ಡಾಕ್ಟರು ಹೆದರಬೇಡಿ ಎಂದ ಮಾತಿಗೇ ಅಕ್ಕ ಹೆದರಿದ್ದಳು. ಇಂಥ ಕಡೆ ಅರ್ಥ ಆಗದಿದ್ದರೆ ಅರ್ಥ ಆಗಲಿಲ್ಲ ಅಂತ ಹೇಳಲು ನಾಚಿಕೆ ಬೇಡ. ಚೀಟಿಯಲ್ಲಿ ಬರೆಸಿಕೊಳ್ಳಿ, ಇಲ್ಲವೇ ಅಲ್ಲಿನ ಕನ್ನಡ ಗೊತ್ತಿರುವ ಸಿಸ್ಟರ್ ಒಬ್ಬರನ್ನು ಕರೆಯಿರಿ. ಒಬ್ಬರಾದರೂ ಇರುತ್ತಾರೆ.

ಮನೆಯಲ್ಲಿ ಮಾಡುವುದು, ಮಾಡಬಾರದ್ದು

ಎರಡೂ ಸುತ್ತು ದಾಟಿ, ಸಣ್ಣ ಗಟ್ಟಿ ಬುಗುಟೆ ಮಾತ್ರ ಉಳಿದಿದೆ ಅಂತಾದರೆ ಮನೆಮದ್ದು ಸಾಕು. ಐಸನ್ನು ತೆಳು ಬೈರಾಸಿನಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ. ಮೊದಲ ಒಂದೆರಡು ದಿನ, ಎಚ್ಚರ ಇರುವಷ್ಟು ಹೊತ್ತು, ಎರಡು ಮೂರು ಗಂಟೆಗೊಮ್ಮೆ. ಐಸ್ ಇಲ್ಲದಿದ್ದರೆ ಫ್ರಿಜ್ಜಿನಲ್ಲಿರುವ ಹಾಲಿನ ಪ್ಯಾಕೆಟ್ಟೂ ಆಗುತ್ತದೆ. ಮಲಗುವಾಗ ಎರಡು ದಿಂಬು. ನೋವಿಗೆ ಪ್ಯಾರಸಿಟಮಾಲ್. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ಲಿವರ್ ತೊಂದರೆ ಇರುವವರಿಗೆ ಅಷ್ಟೂ ಕೂಡದು. ಮಕ್ಕಳಿಗೆ ತೂಕ ನೋಡಿ, ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಮೊದಲ ಎರಡು ದಿನ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಮೈಕೈ ನೋವಿಗೆಂದು ಮೆಡಿಕಲ್‌ನಲ್ಲಿ ಬಿಡಿಯಾಗಿ ಕೊಡುವ ಮಾತ್ರೆಗಳಲ್ಲಿ ಇವೇ ಇರುವುದುಂಟು.

ತಿಕ್ಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬುಗುಟೆ ಕಂಡ ಕೂಡಲೇ ಅಂಗೈಯಲ್ಲಿ ತೆಂಗಿನೆಣ್ಣೆ ಹಾಕಿ ಒತ್ತಿ ತಿಕ್ಕಿ "ಕೂರಿಸುವುದು" ನಮ್ಮ ಅಜ್ಜಿಯರ ಕಾಲದ ಕ್ರಮ. ಆಗಷ್ಟೇ ಮುಚ್ಚಿಕೊಳ್ಳುತ್ತಿರುವ ನಾಳವನ್ನು ತಿಕ್ಕಿದರೆ ಮತ್ತೆ ತೆರೆಯುತ್ತದೆ. ಮೊದಲ ಎರಡು ದಿನ ಬಿಸಿ ಶಾಖವೂ ಬೇಡ. ಮಕ್ಕಳು ಅತ್ತರೆ ಬುಗುಟೆಯ ಮೇಲೆ ಊದಿ ಸಮಾಧಾನ ಮಾಡಿ, ಅದರಿಂದ ನಷ್ಟ ಇಲ್ಲ.

ಸೂಜಿ ಚುಚ್ಚಿ ರಕ್ತ ತೆಗೆಯುವುದು ಇನ್ನೂ ಕೆಟ್ಟದು. ಒಳಗೆ ನಿಂತ ರಕ್ತ ಕ್ರಿಮಿಗೆ ಒಳ್ಳೆಯ ಊಟ. ಚುಚ್ಚುವವರೆಗೆ ಅದು ಮುಚ್ಚಿದ ಭರಣಿ, ಚುಚ್ಚಿದ ಮೇಲೆ ಬಾಯಿ ತೆರೆದ ಭರಣಿ. ತೆಗೆದರೂ ಮತ್ತೆ ತುಂಬುತ್ತದೆ.

ಚರ್ಮ ಹರಿದಿದ್ದರೆ ರಕ್ತ ಧಾರೆ ಧಾರೆ ಬರುತ್ತದೆ, ನೋಡಿದವರಿಗೆ ತಲೆ ತಿರುಗುತ್ತದೆ. ತಲೆಚರ್ಮದ ಬಿಗಿ ನಾರು ರಕ್ತನಾಳದ ಬಾಯಿಯನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ, ಅದಕ್ಕೆ ಸಣ್ಣ ಗಾಯದಲ್ಲೂ ಅಷ್ಟು ರಕ್ತ. ಶುದ್ಧ ಬಟ್ಟೆ ಇಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಬೇಡಿ. ಎಲುಬು ಅಲುಗಾಡಿದಂತೆ ಅನ್ನಿಸಿದರೆ ಮಾತ್ರ ಒತ್ತದೆ ಬಟ್ಟೆ ಮುಚ್ಚಿ ಆಸ್ಪತ್ರೆಗೆ. ಕಾಫಿ ಪುಡಿ, ಅರಿಶಿನ, ಕಮ್ಯುನಿಸ್ಟ್ ಗಿಡದ ರಸ ಹಾಕಬೇಡಿ. ಹೊಲಿಗೆ ಹಾಕುವವರಿಗೆ ಅದನ್ನು ತೊಳೆದು ತೆಗೆಯಲು ಅರ್ಧ ಗಂಟೆ ಬೇಕು. ಟಿ.ಟಿ. (ಧನುರ್ವಾಯು ತಡೆಯುವ ಚುಚ್ಚುಮದ್ದು) ಯಾವಾಗ ತೆಗೆದುಕೊಂಡದ್ದು ಅಂತ ನೆನಪಿಲ್ಲದಿದ್ದರೆ ಡಾಕ್ಟರಿಗೆ ಹೇಳಿ.

ಮಲಗಲು ಬಿಡಬಾರದು ಎಂಬ ನಂಬಿಕೆ ಇದೆ. ಮಗುವಿನ ಮಾಮೂಲು ನಿದ್ದೆಯ ಹೊತ್ತಾಗಿದ್ದರೆ ಮಲಗಲಿ. ಡಾಕ್ಟರು ನೋಡಿ ಮನೆಗೆ ಕಳಿಸಿದ ಮೇಲೆ ಮೊದಲ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ, ಗುರುತು ಹಿಡಿದು ಒಂದು ಮಾತಾಡಿದರೆ ಮತ್ತೆ ಮಲಗಿಸಿ. ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ. ಅರ್ಧ ರಾತ್ರಿಯಲ್ಲಿ ಸಂಶಯ ಬಂದರೆ ಕೇರಳದ ದಿಶಾ ಸಹಾಯವಾಣಿ 1056 ಇದೆ. ಆದರೆ ಅಪಾಯದ ಲಕ್ಷಣ ಇದ್ದಾಗ ಅಲ್ಲಿಗೆ ಫೋನ್ ಮಾಡುತ್ತ ಕೂರಬೇಡಿ, 108 ಕರೆಯಿರಿ.

ಆಸ್ಪತ್ರೆಯಲ್ಲಿ

ನಮ್ಮಲ್ಲಿ ಮೊದಲ ಪ್ರಶ್ನೆ "ಮಂಗಳೂರಿಗೆ ಹೋಗುವುದಾ?" ಅಂತ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿ.ಮೀ. 2020ರ ಮಾರ್ಚ್ ಕೊನೆಗೆ ಕೊರೋನಾ ಅಂತ ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದಾಗ ಆ 50 ಕಿ.ಮೀ. ಎಷ್ಟು ದೂರ ಆಗಬಹುದು ಅಂತ ನಾವೆಲ್ಲ ಕಂಡಿದ್ದೇವೆ. ನನ್ನ ಅಭಿಪ್ರಾಯ ಇಷ್ಟು: ಅಪಾಯದ ಲಕ್ಷಣ ಇದ್ದರೆ ಹತ್ತಿರದಲ್ಲಿ ಸಿ.ಟಿ. ಇರುವಲ್ಲಿಗೆ ಮೊದಲು. ಉಸಿರು, ಬಿ.ಪಿ. ನೋಡಿ, ಸ್ಕ್ಯಾನ್ ಮಾಡಿ, ಆಪರೇಷನ್ ಬೇಕಾದರೆ ಅಲ್ಲಿಂದ ಆಂಬುಲೆನ್ಸಿನಲ್ಲಿ ಮುಂದಕ್ಕೆ. ಸ್ವಂತ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನೇರ ಮಂಗಳೂರಿಗೆ ಓಡಿಸುವುದು ಧೈರ್ಯದ ಕೆಲಸ ಅಲ್ಲ. ಹೊರಡುವ ಮೊದಲು ಹತ್ತಿರದ ಆ ಆಸ್ಪತ್ರೆಯಲ್ಲಿ ಸಿ.ಟಿ. ಈಗ ನಡೆಯುತ್ತಿದೆಯಾ ಅಂತ ಒಂದು ಫೋನ್ ಮಾಡಿ.

ಅಲ್ಲಿ ನಿಮ್ಮ ಎಚ್ಚರದ ಮಟ್ಟಕ್ಕೆ 3ರಿಂದ 15ರವರೆಗೆ ಒಂದು ಅಂಕ ಕೊಡುತ್ತಾರೆ. 15 ಎಂದರೆ ಪೂರ್ತಿ ಎಚ್ಚರ. ಆ ಅಂಕ ಒಂದು ಸಲ ಎಷ್ಟಿತ್ತು ಅನ್ನುವುದಕ್ಕಿಂತ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಮುಖ್ಯ. ಅದಕ್ಕೇ ಮತ್ತೆ ಮತ್ತೆ ಬಂದು ಅದೇ ಪ್ರಶ್ನೆ ಕೇಳುತ್ತಾರೆ, ಬೇಸರ ಮಾಡಬೇಡಿ. ಎಲ್ಲರಿಗೂ ಸ್ಕ್ಯಾನ್ ಮಾಡುವುದಿಲ್ಲ. ಮಕ್ಕಳಿಗಂತೂ ವಿಕಿರಣದ ಕಾರಣ ಯೋಚಿಸಿ ಮಾಡುತ್ತಾರೆ, ಕೆಲವು ಗಂಟೆ ಕಣ್ಣಿಟ್ಟು ನೋಡಿ ಕಳಿಸುವುದೂ ಚಿಕಿತ್ಸೆಯೇ.

ಭಾವನ ಸಿ.ಟಿ.ಯಲ್ಲಿ ಒಳಗೆ ಏನೂ ಇರಲಿಲ್ಲ. ರಕ್ತ ಎಲ್ಲ ಮುಟ್ಟಾಳೆಯ ಕೆಳಗೆ. ಹಿಮೋಗ್ಲೋಬಿನ್ ನೋಡಿದರು, ಪ್ಲೇಟ್‌ಲೆಟ್ ನೋಡಿದರು. ವಾರ್ಫರಿನ್ ತೆಗೆದುಕೊಳ್ಳುವವರಾಗಿದ್ದರೆ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬ ಪರೀಕ್ಷೆ) ನೋಡುತ್ತಿದ್ದರು. ತಲೆಗೆ ಸುತ್ತಲೂ ಸಮನಾಗಿ ಒತ್ತುವ ಬ್ಯಾಂಡೇಜ್ ಕಟ್ಟಿದರು, ಒಂದು ದಿನ ಇಟ್ಟುಕೊಂಡರು. ರಕ್ತ ಹೊರಗೆ ತೆಗೆಯಲಿಲ್ಲ. ಮೈ ತಾನಾಗಿ ಹೀರಿಕೊಳ್ಳುತ್ತದೆ, ಅದೇ ಒಳ್ಳೆಯದು. ತುಂಬ ದೊಡ್ಡದಾಗಿ ಚರ್ಮ ಬಿಗಿಯುತ್ತಿದ್ದರೆ, ಕೀವಾಗಿದ್ದರೆ, ವಾರಗಟ್ಟಲೆ ಇಳಿಯದಿದ್ದರೆ ಮಾತ್ರ ಶುದ್ಧ ಕ್ರಮದಲ್ಲಿ ಸೂಜಿಯಿಂದಲೋ ನಳಿಕೆ ಇಟ್ಟೋ ತೆಗೆಯುತ್ತಾರೆ.

ಅಕ್ಕ ಅಷ್ಟರಲ್ಲಿ ಸ್ಟೆಂಟಿನ ಮಾತ್ರೆಯನ್ನು ತಾನೇ ನಿಲ್ಲಿಸಿಬಿಟ್ಟಿದ್ದಳು. ಅದೂ ತಪ್ಪು. ಆ ಮಾತ್ರೆ ಫಕ್ಕನೆ ನಿಂತರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು, ಅದು ತಲೆಯ ಬುಗುಟೆಗಿಂತ ದೊಡ್ಡ ಅಪಾಯ. ಮುಂದುವರಿಸುವುದಾ, ಒಂದನ್ನು ಬಿಡುವುದಾ, ಎಷ್ಟು ದಿನ ಎಂಬುದನ್ನು ಹೃದಯದ ಡಾಕ್ಟರೂ ತಲೆ ನೋಡುವ ಡಾಕ್ಟರೂ ಮಾತಾಡಿ ಹೇಳಬೇಕು.

ಹಸುಗೂಸು

ವ್ಯಾಕ್ಯೂಮ್ ಹಾಕಿ ಹೆರಿಗೆಯಾದ ಮಗುವಿನ ತಲೆಯಲ್ಲಿ ಬುಗುಟೆ ಇದ್ದರೆ ಎರಡು ಸಾಧ್ಯತೆ ಮುಖ್ಯ. ಎಲುಬಿನ ಪೊರೆಯ ಕೆಳಗಿನದ್ದು ಒಂದು ಎಲುಬಿನ ಮೇಲಷ್ಟೇ ನಿಲ್ಲುತ್ತದೆ, ಎಲುಬುಗಳ ಜೋಡಣೆಯ ಗೆರೆ ದಾಟುವುದಿಲ್ಲ. ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಕರಗುತ್ತದೆ. ಕರಗುವಾಗ ಕಾಮಾಲೆ ಹೆಚ್ಚಬಹುದು, ಮಗು ಹಳದಿಯಾಗುತ್ತಿದ್ದರೆ ತೋರಿಸಿ. ಬಾಣಂತಿ ಮನೆಯಲ್ಲಿ ಎಣ್ಣೆ ಹಚ್ಚಿ ಮೀಯಿಸುವವರು ತಲೆ ಉರುಟು ಮಾಡಲು ಒತ್ತುತ್ತಾರಲ್ಲ, ಆ ಜಾಗ ಮುಟ್ಟಬೇಡಿ ಅಂತ ಮೊದಲೇ ಹೇಳಿ.

ಮುಟ್ಟಾಳೆಯ ಕೆಳಗಿನದ್ದು ಗೆರೆ ದಾಟಿ ಕಿವಿ, ಕುತ್ತಿಗೆಯವರೆಗೆ ಹರಡುತ್ತದೆ. 3 ಕೆ.ಜಿ. ಮಗುವಿನ ಮೈಯಲ್ಲಿ ಇರುವ ಒಟ್ಟು ರಕ್ತವೇ ಸುಮಾರು 250 ಮಿ.ಲೀ., ಒಂದು ದೊಡ್ಡ ಲೋಟ. ಅದರಲ್ಲಿ ಅರ್ಧ ಆ ಸಡಿಲ ಜಾಗದಲ್ಲಿ ಸೇರಿಕೊಂಡರೆ ಮಗು ಬದುಕುವುದು ಕಷ್ಟ. ತಲೆ ಗಾತ್ರ ಹೆಚ್ಚುತ್ತಿದೆ, ಮಗು ಬಿಳಿಚಿದೆ, ಹಾಲು ಕುಡಿಯುತ್ತಿಲ್ಲ ಅಂತಾದರೆ ಒಂದು ನಿಮಿಷವೂ ಕಾಯಬೇಡಿ. ಹುಟ್ಟಿದ ಕೂಡಲೇ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರಾ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ.

ಸರಿಹೋಗುತ್ತಿಲ್ಲ ಎಂದಾದರೆ

ಬಣ್ಣ ನೀಲಿಯಿಂದ ಹಸಿರಿಗೆ, ಹಸಿರಿಂದ ಹಳದಿಗೆ ತಿರುಗುತ್ತಿದ್ದರೆ ಕರಗುತ್ತಿದೆ ಅಂತ ಅರ್ಥ. ಹರಡಿದ ಊತಕ್ಕೆ ಮೂರರಿಂದ ಆರು ವಾರ ಬೇಕಾಗಬಹುದು. ಇಳಿದದ್ದು ಮತ್ತೆ ಊದಿದರೆ, ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಮತ್ತೆ ತೋರಿಸಿ. ಸಣ್ಣ ಪೆಟ್ಟಿಗೆ ಪ್ರತಿ ಸಲ ದೊಡ್ಡ ಊತ ಬರುವ ಗಂಡುಮಗು, ಲಸಿಕೆ ಹಾಕಿದ ಜಾಗವೂ ಊದುತ್ತದೆ, ಸೋದರಮಾವನಿಗೂ ಹೀಗೇ ಇತ್ತು ಅಂತಾದರೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ) ಪರೀಕ್ಷೆ ಮಾಡಿಸಬೇಕು.

ವಯಸ್ಸಾದವರಲ್ಲಿ ಇನ್ನೊಂದು ಇದೆ. ಮೇಲಿನ ಬುಗುಟೆ ಹೋಗಿ ಎಲ್ಲರೂ ಮರೆತ ಮೇಲೆ, ಮೂರು ವಾರವೋ ಆರು ವಾರವೋ ಕಳೆದು, ನಡಿಗೆ ಒಂದು ಕಡೆ ವಾಲುತ್ತದೆ, ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುವುದಿಲ್ಲ, ಮಾತು ಮರೆಯುತ್ತದೆ. ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಬುರುಡೆಯ ಒಳಗೆ ಹನಿ ಹನಿಯಾಗಿ ಸೇರಿದ ರಕ್ತ ಇರಬಹುದು. ಅದನ್ನು ಸಣ್ಣ ರಂಧ್ರ ಮಾಡಿ ತೆಗೆದರೆ ಹೆಚ್ಚಿನವರು ಮೊದಲಿನಂತಾಗುತ್ತಾರೆ. ಹಾಗಾಗಿ ಪೆಟ್ಟು ಬಿದ್ದ ತಾರೀಕನ್ನು ಎಲ್ಲಾದರೂ ಬರೆದಿಡಿ.

ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಆರನೇ ವಾರದ ಆದಿತ್ಯವಾರಕ್ಕೆ ಸುತ್ತು ಹಾಕಿದ್ದಳು. ಅಷ್ಟರ ಒಳಗೇ ಭಾವನ ತಲೆ ಮೊದಲಿನ ಆಕಾರಕ್ಕೆ ಬಂದಿತ್ತು. ಬಾಚಣಿಗೆ ತಾಗಿದರೆ ಬಲಗಿವಿಯ ಮೇಲೆ ಮಾತ್ರ ಮರಗಟ್ಟಿದ ಹಾಗೆ ಅನ್ನಿಸುತ್ತದೆ ಅನ್ನುತ್ತಿದ್ದರು. ಅದೂ ವಿಷುವಿನ ಹೊತ್ತಿಗೆ ಹೋಯಿತು.